ಕ್ಯಾಮೆರಾ ತಿರುಗಿಸಿ ತೆಗೆದ ಚಿತ್ರವೂ ಛಾಯಾಚಿತ್ರವೇ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕೆಲವು ವಾರಗಳ ಹಿಂದೆ ಪ್ರಕಟವಾದ, ದಸರಾ ದೀಪಾಲಂಕಾರದ ಸಯ್ಯಾಜಿರಾವ್ ರಸ್ತೆಯನ್ನು ಬೆಳಕಿನ ಸುಳಿಯಾಗಿ ತೋರಿಸಿದ ಛಾಯಾಚಿತ್ರದ ಬಗ್ಗೆ ವಾಚಕರ ವಿಭಾಗದಲ್ಲಿ ಬಂದ ಪತ್ರಗಳನ್ನು ಗಮನವಿಟ್ಟು ಓದಿದ್ದೇನೆ. ಅದು ಕಂಪ್ಯೂಟರಿನಲ್ಲಿ ತಿರುಚಿದ ಚಿತ್ರ ಎಂದು ಒಬ್ಬರು, ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ್ದು ಎಂದು ಇನ್ನೊಬ್ಬರು, ಕೈ ಅಲುಗಿ ಕೆಟ್ಟುಹೋದ ಚಿತ್ರಕ್ಕೆ ಕಲೆಯ ಹೆಸರು ಕೊಡಲಾಗಿದೆ ಎಂದು ಮತ್ತೊಬ್ಬರು ಬರೆದಿದ್ದಾರೆ. ಓದುಗರಿಗೆ ಸುಳ್ಳು ಚಿತ್ರ ತೋರಿಸಬಾರದು ಎಂಬ ಕಾಳಜಿ ಈ ಮೂರೂ ಪತ್ರಗಳಲ್ಲಿ ಎದ್ದು ಕಾಣುತ್ತದೆ, ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಚಿತ್ರದ ಮಟ್ಟಿಗೆ ಮೂರು ಆಕ್ಷೇಪಗಳೂ ನಿಲ್ಲುವುದಿಲ್ಲ, ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಸಾಕ್ಷಿ ಆ ಚಿತ್ರದೊಳಗೇ ಇದೆ. ಅದನ್ನು ತೋರಿಸಿಕೊಡುವುದಕ್ಕಾಗಿ, ಇಂತಹ ಚಿತ್ರಗಳನ್ನು ಪ್ರಕಟಿಸುವಾಗ ಪತ್ರಿಕೆ ಅನುಸರಿಸಬಹುದಾದ ಒಂದು ಕ್ರಮವನ್ನು ಸೂಚಿಸುವುದಕ್ಕಾಗಿ ಈ ಪತ್ರ.

ನಾನು ಮೈಸೂರಿನವನು. ದಸರಾ ಮತ್ತು ಕಾರ್ತಿಕ ಮಾಸದ ದೀಪಗಳನ್ನು ಹಲವು ವರ್ಷಗಳಿಂದ ಕ್ಯಾಮೆರಾ ತಿರುಗಿಸುವ ಈ ವಿಧಾನದಲ್ಲಿ ತೆಗೆಯುತ್ತಿದ್ದೇನೆ. ಆಸಕ್ತಿಯಿಂದ ಬರುವ ಹುಡುಗ ಹುಡುಗಿಯರಿಗೆ ತಿಳಿದಷ್ಟನ್ನು ಹೇಳಿಕೊಡುತ್ತಿದ್ದೇನೆ. ಪ್ರಕಟವಾದ ಚಿತ್ರ ನನ್ನದಲ್ಲ, ಅದನ್ನು ತೆಗೆದವರ ಪರಿಚಯವೂ ನನಗಿಲ್ಲ.

ಮೊದಲಿಗೆ, ಇಂತಹ ಚಿತ್ರ ಹೇಗೆ ಮೂಡುತ್ತದೆ ಎಂಬುದನ್ನು ಹೇಳಬೇಕು. ರಾತ್ರಿ ಹೊತ್ತು ಷಟರನ್ನು, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆಯನ್ನು, ಒಂದೆರಡು ಸೆಕೆಂಡು ತೆರೆದಿಟ್ಟು, ಆ ಅವಧಿಯಲ್ಲಿ ಲೆನ್ಸಿನ ನಡುವಿನ ಗೆರೆಯನ್ನೇ ಚಕ್ರದ ಅಚ್ಚಿನಂತೆ ಇಟ್ಟುಕೊಂಡು ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿದರೆ, ಎದುರಿಗಿರುವ ಪ್ರತಿಯೊಂದು ದೀಪವೂ ಬೆಳಕನ್ನು ಗ್ರಹಿಸುವ ಸೆನ್ಸರಿನ ಮೇಲೆ ಒಂದು ಕಮಾನು ಬರೆಯುತ್ತದೆ. ಚೌಕಟ್ಟಿನ ನಟ್ಟನಡುವೆ ಇರುವ ದೀಪ ಬಹುಮಟ್ಟಿಗೆ ಚುಕ್ಕಿಯಾಗಿಯೇ ಉಳಿಯುತ್ತದೆ, ಅಂಚಿನಲ್ಲಿರುವ ದೀಪ ಉದ್ದನೆಯ ಗೆರೆಯಾಗುತ್ತದೆ. ಗಡಿಯಾರದ ಮುಳ್ಳಿನ ಬುಡ ಮತ್ತು ತುದಿ ಒಂದೇ ಕೋನದಷ್ಟು ತಿರುಗಿದರೂ ಸಾಗುವ ದೂರ ಬೇರೆಯಾಗುವಂತೆಯೇ ಇದು. ಪೂರ್ಣ ಗಾತ್ರದ ಸೆನ್ಸರಿನ ಅಗಲ 36 ಮಿ.ಮೀ. ಕೇಂದ್ರದಿಂದ 18 ಮಿ.ಮೀ. ದೂರದಲ್ಲಿ ಬಿದ್ದ ದೀಪ, ಕ್ಯಾಮೆರಾ ಕಾಲು ಸುತ್ತು ತಿರುಗುವಷ್ಟರಲ್ಲಿ ಸುಮಾರು 28 ಮಿ.ಮೀ. ಉದ್ದದ ಕಮಾನು ಎಳೆಯುತ್ತದೆ, 3 ಮಿ.ಮೀ. ದೂರದಲ್ಲಿ ಬಿದ್ದದ್ದು ಐದು ಮಿ.ಮೀ. ಕೂಡ ದಾಟುವುದಿಲ್ಲ. ಎರಡೂ ಒಂದೇ ಪ್ರಖರತೆಯ ಬಲ್ಬುಗಳಾಗಿದ್ದರೆ, ಅಂಚಿನದು ಅದೇ ಬೆಳಕನ್ನು ಆರು ಪಟ್ಟು ಉದ್ದಕ್ಕೆ ಹಂಚಬೇಕಾದ್ದರಿಂದ ಅದರ ಗೆರೆ ಮಂಕಾಗುತ್ತದೆ. ಒಳಗೆ ದಟ್ಟವಾಗಿಯೂ ಹೊರಗೆ ಹೋದಂತೆ ತೆಳುವಾಗಿಯೂ ಕಾಣುವ ಆ ಸುಳಿಯ ಸೊಗಸು ಯಾರೂ ಆಮೇಲೆ ಬಳಿದದ್ದಲ್ಲ, ಬೆಳಕಿನ ಲೆಕ್ಕದಿಂದಲೇ ಬಂದದ್ದು.

ಈ ಕೆಲಸದಲ್ಲಿ ಹೊಸಬರನ್ನು ಹೆಚ್ಚು ಗೊಂದಲಕ್ಕೆ ತಳ್ಳುವ ಸಂಗತಿಯೊಂದಿದೆ. ಸಾಮಾನ್ಯ ಚಿತ್ರದಲ್ಲಿ ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟಷ್ಟೂ ಚಿತ್ರ ಬೆಳ್ಳಗಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಚಲಿಸುವ ಬೆಳಕಿನ ಚುಕ್ಕಿ ಸೆನ್ಸರಿನ ಯಾವ ಜಾಗದಲ್ಲೂ ನಿಲ್ಲುವುದಿಲ್ಲವಾದ್ದರಿಂದ, ಒಂದು ದೀಪದ ಗೆರೆಯ ಹೊಳಪನ್ನು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಗಾತ್ರ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಮತ್ತು ಕೈ ತಿರುಗುವ ವೇಗ ಈ ಮೂರೇ ನಿರ್ಧರಿಸುತ್ತವೆ. ಷಟರಿನ ಅವಧಿ ಗೆರೆಯ ಉದ್ದವನ್ನು ಬೆಳೆಸುತ್ತದೆ ಮತ್ತು ಹಿನ್ನೆಲೆಯ ಆಕಾಶವನ್ನು ಬೆಳಗಿಸುತ್ತದೆ, ಅಷ್ಟೆ. ಹಾಗಾಗಿ ಐಎಸ್‌ಒ 100, ಅಪರ್ಚರ್ ಎಫ್ 11ರ ಆಸುಪಾಸು, ಎರಡು ಸೆಕೆಂಡು ಎಂದು ಆರಂಭಿಸಿ, ಗೆರೆ ಸುಟ್ಟು ಬೆಳ್ಳಗಾದರೆ ಅಪರ್ಚರ್ ಕಿರಿದು ಮಾಡಬೇಕು. ಆಕಾಶ ಬೂದಿ ಬಣ್ಣಕ್ಕೆ ತಿರುಗಿದರೆ ಮಾತ್ರ ಅವಧಿ ಕಡಿಮೆ ಮಾಡಬೇಕು. ಫೋಕಸನ್ನು ಮೊದಲೇ ಕೈಯಿಂದ ಹೊಂದಿಸಿಟ್ಟುಕೊಳ್ಳಬೇಕು. ಷಟರ್ ಒತ್ತುವ ಮೊದಲೇ ಕೈ ಚಲನೆಯಲ್ಲಿರಬೇಕು, ಮುಚ್ಚಿದ ಮೇಲೆಯೇ ನಿಲ್ಲಬೇಕು. ಇಲ್ಲದಿದ್ದರೆ ಪ್ರತಿ ಗೆರೆಯ ಮೊದಲಿಗೋ ಕೊನೆಗೋ ಒಂದು ಬೆಳಕಿನ ಗಂಟು ಬೀಳುತ್ತದೆ. ಆ ಗಂಟು ಬೇಕೆಂದೇ ಬೀಳಿಸುವವರೂ ಇದ್ದಾರೆ: ಅರ್ಧ ಸೆಕೆಂಡು ಕ್ಯಾಮೆರಾವನ್ನು ಅಲುಗದಂತೆ ಹಿಡಿದು ಆಮೇಲೆ ತಿರುಗಿಸಿದರೆ ಕಟ್ಟಡದ ಗುರುತು ಉಳಿಯುತ್ತದೆ, ಅದರ ಮೇಲಿಂದ ಕಮಾನುಗಳು ಹೊರಡುತ್ತವೆ. 1927ರ ನಮ್ಮ ದೊಡ್ಡ ಗಡಿಯಾರವನ್ನು ಈ ರೀತಿ ತೆಗೆದಾಗ ಗೋಪುರ ನೇರವಾಗಿ ನಿಂತಿದ್ದು, ಅದರ ಸುತ್ತಲಿನ ಅಂಗಡಿ ದೀಪಗಳು ಮಾತ್ರ ಎದ್ದು ಹೊರಟಂತೆ ಕಾಣುತ್ತದೆ.

ಈಗ ಪ್ರಕಟವಾದ ಆ ಚಿತ್ರವನ್ನು ದಯವಿಟ್ಟು ಇನ್ನೊಮ್ಮೆ ಹತ್ತಿರ ಹಿಡಿದು ನೋಡಬೇಕೆಂದು ಓದುಗರಲ್ಲಿ ಕೋರುತ್ತೇನೆ. ಮೇಲ್ಭಾಗದ ಅಲಂಕಾರದ ದೀಪಗಳು ಎಳೆದ ಕಮಾನುಗಳು ಅಖಂಡವಾಗಿಲ್ಲ; ಸಮ ಅಂತರದ ಪುಟ್ಟ ಪುಟ್ಟ ತುಂಡುಗಳಾಗಿ ಕಡಿದುಕೊಂಡಿವೆ. ಕೆಳಗೆ ಬಲಬದಿಯಲ್ಲಿ, ನಿಂತಿದ್ದ ಹಳೆಯ ಕಾರೊಂದರ ಹೆಡ್‌ಲೈಟ್ ಎಳೆದ ಗೆರೆ ಮಾತ್ರ ಎಲ್ಲಿಯೂ ಮುರಿಯದೆ ಒಂದೇ ಸಮನೆ ಸಾಗಿದೆ. ಇದು ಮುದ್ರಣದ ದೋಷವೂ ಅಲ್ಲ, ಅಲಂಕಾರವೂ ಅಲ್ಲ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್ ಪರ್ಯಾಯ ಪ್ರವಾಹವಾದ್ದರಿಂದ ಅದಕ್ಕೆ ಜೋಡಿಸಿದ ಟ್ಯೂಬ್‌ಲೈಟ್, ಸೋಡಿಯಂ ದೀಪ, ಸಾಧಾರಣ ಗುಣಮಟ್ಟದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ; ವಿದ್ಯುತ್ತಿನ ಅರ್ಧ ಅಲೆಯನ್ನಷ್ಟೇ ಬಳಸುವ ಅಗ್ಗದ ಸೀರಿಯಲ್ ಸೆಟ್‌ಗಳು 50 ಬಾರಿ ಉರಿದು ಆರುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ತಿರುಗುತ್ತಿರುವ ಕ್ಯಾಮೆರಾಕ್ಕೆ ತಿಳಿಯುತ್ತದೆ, ಏಕೆಂದರೆ ಪ್ರತಿ ಮಿನುಗೂ ಸೆನ್ಸರಿನ ಹೊಸ ಜಾಗದಲ್ಲಿ ಬೀಳುತ್ತದೆ. ಕಾರಿನ ಹ್ಯಾಲೋಜನ್ ದೀಪ ಬ್ಯಾಟರಿಯ ನೇರ ಪ್ರವಾಹದಿಂದ ಉರಿಯುವುದರಿಂದ ಅದರ ಗೆರೆ ಕಡಿಯುವುದಿಲ್ಲ. ಹಳೆಯ ತಂತಿಯ ಬಲ್ಬು ಮನೆಯ ವಿದ್ಯುತ್ತಿನಿಂದ ಉರಿದರೂ ಅದರ ತಂತಿ ಅಷ್ಟು ಬೇಗ ತಣಿಯುವುದಿಲ್ಲವಾದ್ದರಿಂದ ಅದೂ ಬಹುತೇಕ ಅಖಂಡ ಗೆರೆಯನ್ನೇ ಕೊಡುತ್ತದೆ. ಕಾರ್ತಿಕದ ಎಣ್ಣೆ ದೀಪದ್ದು ಇನ್ನೂ ಬೇರೆ ಬಗೆ: ಮುರಿಯುವುದಿಲ್ಲ, ಆದರೆ ಕುಡಿ ಗಾಳಿಗೆ ಬಾಗಿದಾಗಲೆಲ್ಲ ಗೆರೆ ಒಮ್ಮೆ ದಪ್ಪವಾಗಿ ಒಮ್ಮೆ ಎಳೆಯಷ್ಟೇ ಆಗಿ, ಎಲ್ಲಿಯೂ ಒಂದೇ ಅಳತೆಯಲ್ಲಿ ಉಳಿಯುವುದಿಲ್ಲ.

ಈ ತುಂಡುಗಳನ್ನು ಎಣಿಸಲು ಸಾಧ್ಯ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಷಟರ್ ಒಂದು ಸೆಕೆಂಡು ತೆರೆದಿತ್ತು ಎಂದು ಛಾಯಾಗ್ರಾಹಕ ಹೇಳಿದರೆ, ಟ್ಯೂಬ್‌ಲೈಟಿನಂತಹ ದೀಪದ ಕಮಾನಿನಲ್ಲಿ ಸುಮಾರು 100 ತುಂಡುಗಳಿರಬೇಕು. ಕಾಲು ಸುತ್ತು ತಿರುಗಿಸಿದ್ದರೆ ಪ್ರತಿ ತುಂಡಿಗೂ ಒಂದು ಡಿಗ್ರಿಗಿಂತ ಸ್ವಲ್ಪ ಕಡಿಮೆ ಅಂತರ ಬರಬೇಕು. ಕೈ ಎಲ್ಲಿ ವೇಗ ಪಡೆಯಿತೋ ಅಲ್ಲಿ ತುಂಡುಗಳು ದೂರ ದೂರವಾಗಿ, ಎಲ್ಲಿ ತಡವರಿಸಿತೋ ಅಲ್ಲಿ ಒತ್ತೊತ್ತಾಗಿ ಬೀಳುತ್ತವೆ. ಆ ಏರಿಳಿತ ಚಿತ್ರದ ಎಲ್ಲ ಕಮಾನುಗಳಲ್ಲೂ ಅದೇ ಕೋನದಲ್ಲಿ ಕಾಣಿಸಿಕೊಳ್ಳಬೇಕು, ಏಕೆಂದರೆ ಎಲ್ಲ ದೀಪಗಳನ್ನೂ ತಿರುಗಿಸಿದ್ದು ಒಂದೇ ಕೈ. ಚಲಿಸುತ್ತಿದ್ದ ವಾಹನದ ದೀಪ ಮಾತ್ರ ಈ ಶಿಸ್ತನ್ನು ಮೀರಿ ಬೇರೆ ದಾರಿ ಹಿಡಿಯುತ್ತದೆ. ಪ್ರಕಟವಾದ ಚಿತ್ರದಲ್ಲಿ ಎಡದಿಂದ ಬಂದ ಆಟೋ ಒಂದರ ಕೆಂಪು ದೀಪ ಉಳಿದ ಕಮಾನುಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗಿರುವುದು ಅದಕ್ಕೇ.

ಕಂಪ್ಯೂಟರಿನ ಸುತ್ತುವ ಮಸುಕಿನಿಂದ ಇದನ್ನು ಬೇರ್ಪಡಿಸಲು ಮತ್ತೊಂದು ಗುರುತಿದೆ. ಅಲುಗದೆ ತೆಗೆದ ಚಿತ್ರದಲ್ಲಿ ಬಲ್ಬುಗಳು ಸೆನ್ಸರಿನ ಮಿತಿ ಮೀರಿ ಬರೀ ಬಿಳಿ ಚುಕ್ಕಿಗಳಾಗಿರುತ್ತವೆ, ಅವುಗಳ ನಿಜವಾದ ಪ್ರಖರತೆ ಎಷ್ಟಿತ್ತು ಎಂಬ ಮಾಹಿತಿ ಆ ಕಡತದಲ್ಲಿ ಇರುವುದೇ ಇಲ್ಲ. ಅಂತಹ ಚಿತ್ರವನ್ನು ಆಮೇಲೆ ತಂತ್ರಾಂಶದಲ್ಲಿ ತಿರುಗಿಸಿ ಮಸುಕು ಮಾಡಿದರೆ ಆ ಸೀಮಿತ ಬಿಳುಪು ಉದ್ದಕ್ಕೂ ಹರಡಿ ಕಳೆಗುಂದಿದ ಬೂದು ಪಟ್ಟಿಗಳಾಗುತ್ತವೆ. ನಿಜವಾಗಿ ಕ್ಯಾಮೆರಾ ತಿರುಗಿಸಿದಾಗ ಬಲ್ಬಿನ ಪೂರ್ಣ ಪ್ರಖರತೆ ಗೆರೆಯುದ್ದಕ್ಕೂ ಬೀಳುವುದರಿಂದ ಗೆರೆ ಗಟ್ಟಿಯಾಗಿ, ಬಣ್ಣಕಟ್ಟಿಕೊಂಡು ಉಳಿಯುತ್ತದೆ. ನಿಂತ ಚಿತ್ರದಲ್ಲಿ ಬಿಳಿಯಾಗಿ ಸುಟ್ಟುಹೋಗುವ ಕೇಸರಿ, ಹಸಿರು ಬಲ್ಬುಗಳು ಇಲ್ಲಿ ತಮ್ಮ ಬಣ್ಣವನ್ನು ಮರಳಿ ಪಡೆಯುತ್ತವೆ. ಹೀಗಿರುವಾಗ, ದೀಪಾಲಂಕಾರದ ಬಣ್ಣಗಳ ಮಟ್ಟಿಗೆ ತಿರುಗಿಸಿ ತೆಗೆದ ಚಿತ್ರ ನಿಲ್ಲಿಸಿ ತೆಗೆದ ಚಿತ್ರಕ್ಕಿಂತ ಹೆಚ್ಚು ನಿಷ್ಠವಾಗಿರುವ ಸಂದರ್ಭಗಳೂ ಉಂಟು.

ಬೆಳಕಿನ ಗೆರೆಗಳನ್ನು ಸಾಕ್ಷಿಯಾಗಿ ಬಳಸುವುದು ಇಂದಿನ ಹೊಸ ಹುಚ್ಚೂ ಅಲ್ಲ. 1889ರಲ್ಲಿ ಪ್ಯಾರಿಸ್‌ನಲ್ಲಿ ಶರೀರ ವಿಜ್ಞಾನಿ ಏತಿಯೆನ್ ಜೂಲ್ ಮರೇ ಅವರ ಜೊತೆಗಾರ ಜಾರ್ಜ್ ದೆಮೆನಿ, ಮನುಷ್ಯನ ಕೀಲುಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಆತನ ನಡಿಗೆಯನ್ನು ಒಂದೇ ಫಲಕದ ಮೇಲೆ ಬೆಳಕಿನ ಗೆರೆಗಳಾಗಿ ಹಿಡಿದರು. ನಡಿಗೆಯ ದೋಷವನ್ನು ಅಧ್ಯಯನ ಮಾಡುವುದು ಅದರ ಉದ್ದೇಶ. 1914ರ ಸುಮಾರಿಗೆ ಅಮೆರಿಕದಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕಾರ್ಮಿಕರ ಕೈಗಳಿಗೆ ದೀಪ ಕಟ್ಟಿ ಅವರ ಕೈಚಲನೆಯನ್ನು ಹೀಗೆಯೇ ದಾಖಲಿಸಿದರು. ಚಲನೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿಯಲು ಆ ದೀಪಗಳನ್ನು ಬೇಕೆಂದೇ ಮಿನುಗಿಸಿ ಗೆರೆಯನ್ನು ತುಂಡು ತುಂಡಾಗಿ ಬೀಳಿಸಿದರು. ಅವರು ಯಂತ್ರ ಹೂಡಿ ಪಡೆದ ಕಾಲದ ಆ ಗುರುತುಗಳನ್ನೇ ಸಯ್ಯಾಜಿರಾವ್ ರಸ್ತೆಯ ಸೀರಿಯಲ್ ಸೆಟ್‌ಗಳು ನಮಗೆ ಬಿಟ್ಟಿಯಾಗಿ ಕೊಡುತ್ತಿವೆ. ಈ ಉದಾಹರಣೆಗಳಲ್ಲಿ ಚಲಿಸಿದ್ದು ದೀಪ, ನಿಂತಿದ್ದು ಕ್ಯಾಮೆರಾ. ಕ್ಯಾಮೆರಾವನ್ನೇ ಚಲಿಸುವ ದಾರಿಯನ್ನು ಗಂಭೀರವಾಗಿ ಹಿಡಿದವರಲ್ಲಿ ಅಮೆರಿಕದ ಹ್ಯಾರಿ ಕ್ಯಾಲಹನ್ ಪ್ರಮುಖರು. ರಾತ್ರಿ ಹೊತ್ತು ನಗರದ ನಿಯಾನ್ ದೀಪಗಳ ಮುಂದೆ ಕ್ಯಾಮೆರಾ ಆಡಿಸಿ ಅವರು 1940ರ ದಶಕದಲ್ಲೇ ತೆಗೆದ ಚಿತ್ರಗಳು ಇಂದು ಛಾಯಾಗ್ರಹಣದ ಇತಿಹಾಸದ ಭಾಗ. ಆಗ ಅವರ ಕೈಯಲ್ಲಿದ್ದದ್ದು ಫಿಲ್ಮ್. ಅಲುಗಾಡಿದ್ದನ್ನೆಲ್ಲ ಕಂಪ್ಯೂಟರಿನ ಕೆಲಸ ಎಂದು ತಳ್ಳಿಹಾಕುವವರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕು.

ಇದಕ್ಕಿಂತ ಬಲವಾದ ವಾದ ನಮ್ಮ ತಲೆಯ ಮೇಲೆಯೇ ಇದೆ. ರಾತ್ರಿ ಆಕಾಶದಲ್ಲಿ ನಕ್ಷತ್ರಗಳು ವೃತ್ತಾಕಾರವಾಗಿ ಗೆರೆ ಎಳೆದಿರುವ ಚಿತ್ರಗಳನ್ನು ಪತ್ರಿಕೆಗಳು ವಿಜ್ಞಾನದ ಪುಟದಲ್ಲಿ ಅಭಿಮಾನದಿಂದ ಪ್ರಕಟಿಸುತ್ತವೆ, ಅವುಗಳನ್ನು ಸುಳ್ಳೆಂದು ಯಾವ ಓದುಗರೂ ಬರೆದದ್ದನ್ನು ನಾನು ಕಂಡಿಲ್ಲ. ಆದರೆ ಅಲ್ಲಿ ನಡೆದಿರುವುದೂ ಇದೇ. ಟ್ರೈಪಾಡ್ ನೆಲಕ್ಕೆ ಊರಿದೆ, ನೆಲ ಭೂಮಿಯೊಂದಿಗೆ ಗಂಟೆಗೆ ಸುಮಾರು 15 ಡಿಗ್ರಿ ತಿರುಗುತ್ತಿದೆ, ಅದರ ಜೊತೆ ಕ್ಯಾಮೆರಾವೂ ತಿರುಗುತ್ತಿದೆ. ಧ್ರುವ ನಕ್ಷತ್ರದ ಎತ್ತರ ನಾವು ನಿಂತ ಜಾಗದ ಅಕ್ಷಾಂಶದಷ್ಟೇ ಇರುವುದರಿಂದ, ಮೈಸೂರಿನಲ್ಲಿ ಆ ವೃತ್ತಗಳ ಕೇಂದ್ರ ಉತ್ತರ ದಿಗಂತದಿಂದ ಬರೀ 12 ಡಿಗ್ರಿ ಮೇಲೆ, ಮರಗಳ ತಲೆಯ ಹತ್ತಿರ ಬರುತ್ತದೆ. ಲಡಾಖಿನ ಹಾನ್ಲೆಯಲ್ಲಿ ಅದು ಸುಮಾರು 33 ಡಿಗ್ರಿ ಎತ್ತರದಲ್ಲಿರುತ್ತದೆ. ಅದೇ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಎಂಜಿನಿಯರ್ ದೋರ್ಜೆ ಆಂಗ್‌ಚುಕ್ ಅವರು ಭೂಮಿಯ ತಿರುಗುವಿಕೆಯನ್ನು ಸರಿದೂಗಿಸುವಂತೆ ಕ್ಯಾಮೆರಾವನ್ನು ತಿರುಗಿಸುತ್ತಾ, ನಕ್ಷತ್ರಗಳು ನಿಂತು ನೆಲವೇ ಉರುಳುವಂತೆ ಕಾಣುವ ದೃಶ್ಯವನ್ನು ಹಿಡಿದದ್ದು 2025ರಲ್ಲಿ ದೇಶದಾದ್ಯಂತ ಜನರ ಮೆಚ್ಚುಗೆ ಪಡೆಯಿತು. ಭೂಮಿ ತಿರುಗಿಸಿದರೆ ಸತ್ಯ, ಯಂತ್ರ ತಿರುಗಿಸಿದರೆ ವಿಜ್ಞಾನ, ಮನುಷ್ಯನ ಕೈ ತಿರುಗಿಸಿದರೆ ಮಾತ್ರ ಮೋಸ ಎನ್ನುವುದಕ್ಕೆ ಆಧಾರವೇನು?

ಹಾಗೆಂದು ಓದುಗರ ಅನುಮಾನವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2023ರಲ್ಲಿ ಸೋನಿ ಜಾಗತಿಕ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಗೆದ್ದ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ತಾವು ಕಳಿಸಿದ್ದು ಕೃತಕ ಬುದ್ಧಿಮತ್ತೆಯಿಂದ ರಚಿಸಿದ ಚಿತ್ರ ಎಂದು ಹೇಳಿ ಬಹುಮಾನವನ್ನು ನಿರಾಕರಿಸಿದರು. ಮರುವರ್ಷ ಇದರ ತಿರುವು ಮುರುವು ನಡೆಯಿತು: ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕರು, ತಲೆಯನ್ನು ಮೈಯೊಳಗೆ ಹುದುಗಿಸಿಕೊಂಡ ರಾಜಹಂಸದ ನೈಜ ಚಿತ್ರವನ್ನು ಬೇರೊಂದು ಸ್ಪರ್ಧೆಯ ಕೃತಕ ಬುದ್ಧಿಮತ್ತೆಯ ವಿಭಾಗಕ್ಕೆ ಕಳಿಸಿದರು, ತೀರ್ಪುಗಾರರು ಅದಕ್ಕೆ ಬಹುಮಾನವನ್ನೂ ಕೊಟ್ಟರು, ಸತ್ಯ ತಿಳಿದ ಮೇಲೆ ಹಿಂಪಡೆದರು. ಪಳಗಿದ ತೀರ್ಪುಗಾರರ ಕಣ್ಣೇ ಎರಡೂ ಬದಿಗೆ ತಪ್ಪಿರುವಾಗ ಬೆಳಗಿನ ಕಾಫಿಯ ಹೊತ್ತಿಗೆ ಪುರವಣಿ ತಿರುವುವ ಓದುಗರು ಅನುಮಾನಪಟ್ಟರೆ ಅವರನ್ನು ದೂರಲಾಗದು. ಅನುಮಾನವನ್ನು ನಿವಾರಿಸುವ ಹೊಣೆ ಚಿತ್ರ ತೆಗೆದವರದು, ಪ್ರಕಟಿಸಿದವರದು.

ಮೂರನೆಯ ಆಕ್ಷೇಪ, ಅಂದರೆ ಕೆಟ್ಟುಹೋದ ಚಿತ್ರವನ್ನು ಕಲೆ ಎನ್ನುತ್ತಿದ್ದಾರೆ, ಇದರಲ್ಲಿ ನೋಡುವುದಕ್ಕೇನಿದೆ ಎಂಬ ಪ್ರಶ್ನೆ, ಉಳಿದೆರಡಕ್ಕಿಂತ ಕಷ್ಟದ್ದು. ಕ್ಯಾಮೆರಾ ತಿರುಗಿಸಿದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ. ಹಾಗೆ ಹುಟ್ಟುವ ಹೆಚ್ಚಿನ ಚಿತ್ರಗಳು ಒಂದೇ ನೋಟಕ್ಕೆ ಮುಗಿದುಹೋಗುವಂಥವು ಎಂದೇ ನಾನು ತಿಳಿದಿದ್ದೇನೆ. ದೀಪಗಳು ವಿಪರೀತ ತುಂಬಿದ ಕಡೆ ತಿರುಗಿಸಿದರೆ ಕಮಾನುಗಳು ಒಂದರ ಮೇಲೊಂದು ಬಿದ್ದು ಬಿಳಿ ರಾಡಿಯಾಗುತ್ತದೆ. ಚೆನ್ನಾಗಿ ಬರಬೇಕಾದರೆ ಕಪ್ಪು ಬೇಕು. ದೀಪಗಳ ನಡುವೆ ಕತ್ತಲೆಯ ಜಾಗ ಇರಬೇಕು, ಅಚ್ಚು ಎಲ್ಲಿ ಬೀಳಬೇಕು ಎಂಬುದು ಮನಸ್ಸಿನಲ್ಲಿ ಮೊದಲೇ ತೀರ್ಮಾನವಾಗಿರಬೇಕು, ಯಾವ ದೀಪ ಗೆರೆಯಾಗಬೇಕು ಯಾವುದು ಚುಕ್ಕಿಯಾಗಿ ಉಳಿಯಬೇಕು ಎಂದು ಆರಿಸಿಕೊಳ್ಳಬೇಕು. ಅಚ್ಚನ್ನು ಚೌಕಟ್ಟಿನ ನಡುವಿನಿಂದ ಒಂದು ಮೂಲೆಗೆ ಸರಿಸಿದರೆ ಸುಳಿ ಹೋಗಿ ಬೀಸಣಿಗೆಯಂತಹ ಹರವು ಬರುತ್ತದೆ. ನನಗೆ ಅದೇ ಹೆಚ್ಚು ಇಷ್ಟ, ಏಕೆಂದರೆ ಆಗ ಕಣ್ಣು ನಡುವಿನಲ್ಲಿ ಸಿಕ್ಕಿಬೀಳದೆ ಚಿತ್ರದ ಉದ್ದಗಲಕ್ಕೂ ಓಡಾಡುತ್ತದೆ. ತಿರುಗಿಸುವಾಗಲೇ ಜೂಮ್ ಕೂಡ ಎಳೆದರೆ ಪ್ರತಿ ದೀಪವೂ ಸುರುಳಿಯಾಗಿ ಹೊರಕ್ಕೆ ಬರುತ್ತದೆ, ಮೊದಲ ಸಲ ಕಂಡಾಗ ಅದು ಬೆರಗು ಹುಟ್ಟಿಸುತ್ತದೆ, ಹತ್ತನೆಯ ಸಲಕ್ಕೆ ಸಪ್ಪೆಯಾಗುತ್ತದೆ.

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ನೃತ್ಯಗಾರರನ್ನು ನಾಲ್ಕಾರು ರೇಖೆಗಳಲ್ಲಿ ಬರೆದಾಗ ಮುಖ ಯಾರದು, ಸೀರೆಯ ಅಂಚು ಯಾವುದು ಎಂದು ನಾವು ಕೇಳಲಿಲ್ಲ. ಆ ರೇಖೆಯಲ್ಲಿ ದೇಹದ ತೂಕ, ತಿರುವು, ಲಯ ಇದ್ದವು. ಲಯವನ್ನು ಒಳಗಿನಿಂದ ತಿಳಿಯಲೆಂದು ಅವರು ಕಥಕ್ ನೃತ್ಯವನ್ನೇ ಕಲಿತಿದ್ದರು. ಕನ್ನಡದ ನೋಡುಗರು ಚಿತ್ರಕಲೆಯಲ್ಲಿ ಇಷ್ಟು ಸಹಜವಾಗಿ ಒಪ್ಪಿಕೊಂಡಿರುವುದನ್ನು ಛಾಯಾಚಿತ್ರದಲ್ಲಿ ಒಪ್ಪಲು ಹಿಂಜರಿಯುವುದೇಕೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದೆ. ಛಾಯಾಚಿತ್ರವೆಂದರೆ ವಸ್ತುವಿನ ಗುರುತು ಹಿಡಿಯುವ ಸಾಧನ ಎಂಬ ನಂಬಿಕೆ ಗಟ್ಟಿಯಾಗಿರುವುದು ಅದಕ್ಕೆ ಕಾರಣವಿರಬಹುದು. ಆದರೆ ದಸರಾ ರಾತ್ರಿಯಲ್ಲಿ ಜನ ಅನುಭವಿಸುವುದು ಬಲ್ಬುಗಳ ಪಟ್ಟಿಯನ್ನಲ್ಲ. ಹೆಗಲ ಮೇಲೆ ಕೂತ ಮಗು ಕತ್ತು ತಿರುಗಿಸಿದತ್ತೆಲ್ಲ ಬೆಳಕು ಹರಿದುಹೋಗುವುದನ್ನು, ಗುಂಪಿನ ನೂಕಿಗೆ ನಾವೇ ಸುತ್ತಿ ತಿರುಗುವುದನ್ನು, ಆ ಕ್ಷಣದ ಸಡಗರವನ್ನು ಅಲುಗದ ಚಿತ್ರ ಹಿಡಿಯಲಾರದು. ಸೊಗಸಾಗಿ ತೆಗೆದ ಅಮೂರ್ತ ಚಿತ್ರ ಅದರ ಸ್ವಲ್ಪ ಭಾಗವನ್ನಾದರೂ ಹಿಡಿಯುತ್ತದೆ.

ಈ ಮಾತಿಗೆ ನಾನೇ ಒಂದು ಗಡಿ ಹಾಕುತ್ತೇನೆ. ಸುದ್ದಿಯ ಪುಟದಲ್ಲಿ ಇಂತಹ ಚಿತ್ರ ಬರಕೂಡದು. ಮೆರವಣಿಗೆಯಲ್ಲಿ ಎಷ್ಟು ಜನ ಸೇರಿದ್ದರು, ಯಾವ ಬೀದಿಯ ದೀಪ ಉರಿಯಲಿಲ್ಲ, ಯಾವ ಕಮಾನು ಕುಸಿಯಿತು ಎಂಬುದನ್ನು ತಿಳಿಸುವ ಚಿತ್ರ ಕಣ್ಣು ಕಂಡಂತೆಯೇ ಇರಬೇಕು, ಅಲ್ಲಿ ಛಾಯಾಗ್ರಾಹಕನ ಕೈಚಳಕಕ್ಕೆ ಜಾಗವಿಲ್ಲ. ಅಂತರರಾಷ್ಟ್ರೀಯ ಸಲೋನ್‌ಗಳೂ (ಛಾಯಾಚಿತ್ರ ಸ್ಪರ್ಧಾ ಪ್ರದರ್ಶನಗಳು) ಪತ್ರಿಕಾ ಛಾಯಾಗ್ರಹಣ ಮತ್ತು ನಿಸರ್ಗ ವಿಭಾಗಗಳಿಗೆ ಕಟ್ಟುನಿಟ್ಟಿನ ನಿಯಮ ಇಟ್ಟು, ಮುಕ್ತ ವಿಭಾಗದಲ್ಲಿ ಮಾತ್ರ ಇಂತಹ ಪ್ರಯೋಗಗಳಿಗೆ ಅವಕಾಶ ಕೊಡುತ್ತವೆ. ಬೆಂಗಳೂರಿನಲ್ಲಿ 1971ರಿಂದ ಕೆಲಸ ಮಾಡುತ್ತಿರುವ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳಿಂದಾಗಿ ಈ ವಿಭಾಗಗಳ ಪರಿಚಯ ನಮ್ಮ ಹವ್ಯಾಸಿಗಳಿಗೆ ಚೆನ್ನಾಗಿಯೇ ಇದೆ. ತೊಡಕಿರುವುದು ಹಬ್ಬದ ಹೊತ್ತಿನಲ್ಲಿ ನಡೆಯುವ ಊರಿನ ಸ್ಪರ್ಧೆಗಳಲ್ಲಿ. ‘ದೀಪಾಲಂಕಾರ’ ಎಂಬ ಒಂದೇ ವಿಷಯ ಕೊಟ್ಟು, ತಿರುಗಿಸಿ ತೆಗೆದ ಚಿತ್ರ ಸಲ್ಲುತ್ತದೆಯೇ ಇಲ್ಲವೇ ಎಂಬುದನ್ನು ಹೇಳದೆ ಬಿಡುತ್ತಾರೆ. ಅಂತಹ ಒಂದು ಸ್ಪರ್ಧೆಯಲ್ಲಿ ನನ್ನ ಬಳಿ ಕಲಿತ ಹುಡುಗಿಯೊಬ್ಬಳ ಚಿತ್ರವನ್ನು ‘ಶೇಕ್ ಆಗಿದೆ’ ಎಂಬ ಎರಡೇ ಪದ ಬರೆದು ಮೊದಲ ಸುತ್ತಿನಲ್ಲೇ ಬದಿಗಿಟ್ಟಿದ್ದರು. ಬಹುಮಾನ ಬರಲಿಲ್ಲವೆಂಬುದು ನನ್ನ ದೂರಲ್ಲ. ಕಮಾನುಗಳು ಒಂದೇ ಕೇಂದ್ರದ ಸುತ್ತ, ಒಂದೇ ಕೋನದಷ್ಟು ಅಚ್ಚುಕಟ್ಟಾಗಿ ಬಂದಿದ್ದ ಚಿತ್ರವನ್ನು ಕೈ ನಡುಗಿ ಕೆಟ್ಟದ್ದರ ಸಾಲಿಗೆ ಸೇರಿಸಿದ್ದು ಸರಿಯಲ್ಲ. ಕೈ ನಡುಕದ ಗೆರೆ ಅಂಕುಡೊಂಕಾಗಿರುತ್ತದೆ, ಯಾವುದೇ ಕೇಂದ್ರವಿಲ್ಲದೆ ಎಲ್ಲ ದೀಪಗಳಲ್ಲೂ ಅದೇ ಕೊಂಕು ಮರುಕಳಿಸುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮಕ್ಕಳೂ ವ್ಯತ್ಯಾಸ ಹೇಳಬಲ್ಲರು.

ಇದಕ್ಕೆ ದುಬಾರಿ ಸಲಕರಣೆ ಬೇಕೆಂಬ ಭಾವನೆಯೂ ಇದೆ. ಉದ್ದನೆಯ ಟೆಲಿ ಲೆನ್ಸ್ ಇದ್ದವರಿಗೆ ಒಂದು ಅನುಕೂಲವಿರುವುದು ನಿಜ: ಅದನ್ನು ಟ್ರೈಪಾಡ್‌ಗೆ ಕೂರಿಸುವ ಕಾಲರ್ ಎಂಬ ಉಂಗುರದ ತಿರುಪನ್ನು ಸಡಿಲಿಸಿದರೆ ಕ್ಯಾಮೆರಾ ಲೆನ್ಸಿನ ಅಚ್ಚಿನ ಸುತ್ತಲೇ ಕೂದಲೆಳೆಯಷ್ಟೂ ಕದಲದೆ ತಿರುಗುತ್ತದೆ. ಷಟರನ್ನು ಬಲ್ಬ್ ಮೋಡ್‌ನಲ್ಲಿ (ನಾವೇ ಮುಚ್ಚುವವರೆಗೂ ಷಟರ್ ತೆರೆದಿರುವ ವ್ಯವಸ್ಥೆ) ತೆರೆದಿಟ್ಟು, ಲೆನ್ಸಿಗೆ ಕಪ್ಪು ರಟ್ಟು ಮರೆಮಾಡಿ 30 ಡಿಗ್ರಿ ತಿರುಗಿಸುವುದು, ರಟ್ಟು ತೆಗೆದು ಒಂದು ಕ್ಷಣ ಬೆಳಕು ಬಿಡುವುದು, ಮತ್ತೆ ಮರೆಮಾಡಿ ತಿರುಗಿಸುವುದು, ಹೀಗೆ 12 ಬಾರಿ ಮಾಡಿದರೆ ಅರಮನೆಯ ನಡುಗೋಪುರ 12 ದಳಗಳಾಗಿ ಒಂದೇ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಷಟರ್ ಒಮ್ಮೆ ತೆರೆದು ಮುಚ್ಚುವುದರೊಳಗೆ, ಮೂಡುತ್ತದೆ. ಪ್ರತಿ ಬಾರಿಯೂ ಆಕಾಶದ ಬೆಳಕು ಸೇರಿಕೊಳ್ಳುತ್ತಾ ಹೋಗುವುದರಿಂದ ಸಂಜೆಯ ತಿಳಿನೀಲಿ ಪೂರ್ತಿ ಆರಿದ ಮೇಲೆಯೇ ಇದು ಸಾಧ್ಯ. ಆದರೆ ಸಾಮಾನ್ಯ ಲೆನ್ಸಿನ ಮುಂಭಾಗವನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಬಲಗೈಯಿಂದ ಕ್ಯಾಮೆರಾ ತಿರುಗಿಸಿದರೂ ಸಾಕು. ಮೊಬೈಲಿನಲ್ಲೂ ಆಗುತ್ತದೆ. ಅದರ ‘ನೈಟ್ ಮೋಡ್’ ಹಲವು ಚಿತ್ರಗಳನ್ನು ತೆಗೆದು ಅಲುಗಾಟವನ್ನೆಲ್ಲ ಅಳಿಸಿ ಹೊಂದಿಸುವುದರಿಂದ ಅದನ್ನು ಬಿಟ್ಟು ‘ಪ್ರೊ ಮೋಡ್’ ಆರಿಸಿಕೊಂಡು, ಐಎಸ್‌ಒವನ್ನು ಅತ್ಯಂತ ಕೆಳಗಿಳಿಸಿ, ಷಟರನ್ನು ಒಂದು ಸೆಕೆಂಡಿಗೆ ಇಡಬೇಕು. ಕ್ಯಾಮೆರಾದಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಅದನ್ನೂ ಆಫ್ ಮಾಡಿಡಬೇಕು; ಇತ್ತೀಚಿನ ಕ್ಯಾಮೆರಾಗಳಲ್ಲಿ ಅದು ನಮ್ಮ ತಿರುಗಿಸುವಿಕೆಯನ್ನೇ ತಪ್ಪೆಂದು ತಿಳಿದು ಎದುರು ತಿರುಗಿಸಲು ನೋಡುತ್ತದೆ.

ಉತ್ಸಾಹಿಗಳಿಗೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಷಟರ್ ತೆರೆದಿರುವಾಗಲೇ ಕ್ಯಾಮೆರಾವನ್ನು ಗಾಳಿಗೆ ಎಸೆದು ಹಿಡಿಯುವ ಪದ್ಧತಿಯೊಂದಿದೆ. ಜನಸಂದಣಿಯಲ್ಲಿ ಅದನ್ನು ಖಂಡಿತ ಮಾಡಬಾರದು, ಕೆಳಗೆ ಇರುವುದು ಯಾರದೋ ತಲೆ. ಪಟ್ಟಿ ಕೊರಳಲ್ಲೇ ಇರಲಿ, ರಸ್ತೆಯ ನಡುವೆ ನಿಲ್ಲುವುದು ಬೇಡ, ಟ್ರೈಪಾಡ್‌ಗೆ ಅನುಮತಿ ಬೇಕಾದ ಕಡೆ ಮೊದಲೇ ಕೇಳಿಕೊಳ್ಳಲಿ.

ಇನ್ನು ನನ್ನ ವಿನಂತಿ. ಇಂತಹ ಚಿತ್ರ ಪ್ರಕಟಿಸುವಾಗ ಅದರ ಕೆಳಗೆ ಸ್ಥಳ ಮತ್ತು ಹೆಸರಿನ ಜೊತೆ ‘ಒಂದೇ ಎಕ್ಸ್‌ಪೋಷರ್, 2 ಸೆಕೆಂಡ್, ಕ್ಯಾಮೆರಾ ತಿರುಗಿಸಿ ತೆಗೆದದ್ದು’ ಎಂಬ ಒಂದು ಸಾಲು ಸೇರಿಸಬೇಕು. ಎರಡು ಮೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು; ಜೋಡಿಸುವುದು ಅಪರಾಧವಲ್ಲ, ಮುಚ್ಚಿಡುವುದು ತಪ್ಪು. ಆಯ್ಕೆಯಾದವರಿಂದ ಕ್ಯಾಮೆರಾದ ಮೂಲ ರಾ ಕಡತವನ್ನು (ಸಂಸ್ಕರಿಸದ ಕಡತ), ಮೊಬೈಲಿನದಾದರೆ ತಿದ್ದದ ಮೂಲ ಚಿತ್ರವನ್ನು ತರಿಸಿಕೊಂಡರೆ ಷಟರಿನ ಅವಧಿ, ಅಪರ್ಚರ್, ಐಎಸ್‌ಒ ಎಲ್ಲವೂ ಅದರಲ್ಲೇ ಸಿಗುತ್ತವೆ, ಗೆರೆಯ ತುಂಡುಗಳೊಂದಿಗೆ ತಾಳೆ ನೋಡುವುದು ತಮ್ಮ ಛಾಯಾಗ್ರಾಹಕರಿಗೆ ಕೆಲವೇ ನಿಮಿಷಗಳ ಕೆಲಸ. ಪತ್ರಿಕೆಯ ವಾರ್ಷಿಕ ಛಾಯಾಚಿತ್ರ ಸ್ಪರ್ಧೆಯ ಪ್ರಕಟಣೆಯಲ್ಲಿ, ರಾತ್ರಿ ಚಿತ್ರಗಳ ವಿಭಾಗಕ್ಕೆ ಕ್ಯಾಮೆರಾ ಚಲಿಸಿ ತೆಗೆದ ಚಿತ್ರಗಳನ್ನೂ ಸ್ವೀಕರಿಸಲಾಗುವುದೋ ಇಲ್ಲವೋ ಎಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಬೇಕು. ಸ್ವೀಕರಿಸುವುದಾದರೆ ಅವುಗಳನ್ನು ಅಲುಗದ ಚಿತ್ರಗಳ ಜೊತೆ ತೂಗದೆ ಪ್ರತ್ಯೇಕವಾಗಿ ನೋಡಬೇಕು. ಪುರವಣಿಯಲ್ಲಿ ಚಿತ್ರ ಪ್ರಕಟವಾಗಿ ಈಗ ಅನುಮಾನಕ್ಕೆ ಒಳಗಾಗಿರುವ ಆ ಛಾಯಾಗ್ರಾಹಕರಿಗೆ, ತಮ್ಮ ವಿಧಾನವನ್ನು ವಿವರಿಸಲು ನಾಲ್ಕು ಸಾಲಿನ ಅವಕಾಶವನ್ನು ಮುಂದಿನ ಸಂಚಿಕೆಯಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಓದುಗ